ಹೊಸಬರಿಗೆ ಮಾರ್ಗದರ್ಶಿ: ಪುಟ್ಟ ಮಗುವಿನಲ್ಲಿ ಸಕ್ಕರೆ ಕಾಯಿಲೆಯ ಸುಳಿವು ಕಂಡರೆ

ಹುಬ್ಬಳ್ಳಿಯಿಂದಲೋ ರಾಯಚೂರಿನಿಂದಲೋ ಶಿವಮೊಗ್ಗದಿಂದಲೋ ಸಾಮಾನೆಲ್ಲ ಲಾರಿಗೆ ಹಾಕಿಕೊಂಡು ಬೆಂಗಳೂರಿಗೆ ಬಂದ ಮೊದಲ ಕೆಲವು ತಿಂಗಳು, ಮಗುವಿಗೆ ಏನೇ ಆದರೂ ಒಂದು ಕಾರಣ ರೆಡಿ ಇರುತ್ತದೆ. ಸಣ್ಣಗಾಗಿದೆಯಾ, ಇಲ್ಲಿನ ನೀರು ಒಗ್ಗಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡಿತಾ, ಹೊಸ ಮನೆ ಅಲ್ವಾ, ಹೆದರಿರಬೇಕು. ಸ್ಕೂಲಿಂದ ಬಂದ ಕೂಡಲೇ ಮಲಗಿಬಿಟ್ಟಿತಾ, ಪಾಪ, ವ್ಯಾನ್‌ನಲ್ಲಿ ಅಷ್ಟು ಹೊತ್ತು ಟ್ರಾಫಿಕ್. ಊರಿಂದ ಅಜ್ಜಿ ಫೋನ್ ಮಾಡಿ, "ದೃಷ್ಟಿ ಆಗಿರುತ್ತೆ, ನಿವಾಳಿಸಿ ಹಾಕಿ" ಅನ್ನುತ್ತಾರೆ.

ಹೆಚ್ಚಿನ ಸಲ ಊರು ಬದಲಾದದ್ದೇ ಕಾರಣ ಇರಬಹುದು. ಆದರೆ ಇವೆಲ್ಲ ಒಟ್ಟಿಗೆ ಬಂದಾಗ, ಜೊತೆಗೆ ಮಗು ನೀರು ನೀರು ಅಂತ ಕೇಳುತ್ತಿದ್ದರೆ, ಅದು ಟೈಪ್ 1 ಡಯಾಬಿಟಿಸ್ ಇರಬಹುದು. ಅದನ್ನು ಊರು ಬದಲಾದದ್ದರ ತಲೆಗೆ ಕಟ್ಟಿ ಒಂದು ವಾರ ಕಾಯುವುದು ಮಗುವಿನ ಜೀವಕ್ಕೇ ಅಪಾಯ. ಅದಕ್ಕೇ ಸ್ಕೂಲ್ ಅಡ್ಮಿಷನ್, ಗ್ಯಾಸ್ ಕನೆಕ್ಷನ್ ವಿಷಯಗಳ ಜೊತೆ ಇದನ್ನೂ ಬರೆಯಬೇಕು ಅನ್ನಿಸಿತು.

ಇಷ್ಟು ಚಿಕ್ಕ ಮಗುವಿಗೆ ಶುಗರ್ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಎರಡು ವರ್ಷದ ಮಗುವಿಗೂ ಬರಬಹುದು, ಹತ್ತು ವರ್ಷದವರಿಗೂ ಬರಬಹುದು. ನಮ್ಮ ಮನೆಗಳಲ್ಲಿ ತಾತನಿಗೆ, ದೊಡ್ಡಪ್ಪನಿಗೆ ಇರುವ ಶುಗರ್ ಸಾಮಾನ್ಯವಾಗಿ ಟೈಪ್ 2. ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಮಾತ್ರೆ, ವಾಕಿಂಗ್‌ನಲ್ಲಿ ಹತೋಟಿಗೆ ಬರುತ್ತದೆ. ಪುಟ್ಟ ಮಕ್ಕಳಿಗೆ ಬರುವುದು ಹೆಚ್ಚಾಗಿ ಟೈಪ್ 1. ಇದರಲ್ಲಿ ದೇಹದ ರೋಗ ತಡೆಯುವ ಶಕ್ತಿಯೇ ತಪ್ಪು ತಿಳಿದು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ಹಾಳು ಮಾಡುತ್ತದೆ. ಚಾಕೊಲೇಟ್ ಜಾಸ್ತಿ ತಿಂದದ್ದರಿಂದ ಬರುವುದಲ್ಲ, ಬಸುರಿಯಾಗಿದ್ದಾಗ ತಾಯಿ ಸಿಹಿ ತಿಂದದ್ದರಿಂದಲೂ ಅಲ್ಲ, ಅಂಟುರೋಗವೂ ಅಲ್ಲ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು. ಹಾಗಾಗಿ "ನಮ್ಮ ವಂಶದಲ್ಲೇ ಇಲ್ಲ" ಅಂತ ಸುಮ್ನೆ ಕೂರಬೇಡಿ.

ಮನೆಯಲ್ಲಿ ಏನು ಗಮನಿಸಬೇಕು

ಮೊದಲು ನೀರು ಮತ್ತು ಉಚ್ಚೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ತಡೆಯಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮಗು ಮತ್ತೆ ಮತ್ತೆ ಒಂದಕ್ಕೆ ಹೋಗುತ್ತದೆ, ಹೋದಷ್ಟೂ ಬಾಯಾರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮಕ್ಕಳು ಚೊಂಬುಗಟ್ಟಲೆ ನೀರು ಕುಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಬೆಂಗಳೂರಿನ ಜುಲೈ ಚಳಿಯಲ್ಲಿ, ಸ್ವೆಟರ್ ಹಾಕಿಕೊಂಡ ಮಗು ರಾತ್ರಿ ಎರಡು ಮೂರು ಸಲ ಎದ್ದು ಗಟಗಟ ನೀರು ಕುಡಿಯುತ್ತಿದ್ದರೆ ಅದು ಬೇರೆ ಮಾತು. ಬಾಟಲಿ ಖಾಲಿಯಾಗಿ ಬಂತು ಅಂತ ಖುಷಿಪಡುವ ಮುಂಚೆ, ಅದನ್ನು ಸ್ಕೂಲಲ್ಲಿ ಎಷ್ಟು ಸಲ ತುಂಬಿಸಿಕೊಂಡೆ ಅಂತ ಒಮ್ಮೆ ಕೇಳಿ. ಮಗು ಪದೇ ಪದೇ ಟಾಯ್ಲೆಟ್ ಕೇಳುತ್ತದೆ ಅಂತ ಮಿಸ್ ಡೈರಿಯಲ್ಲಿ ಬರೆದು ಕಳಿಸಿದರೆ ಅದನ್ನು ದೂರು ಅಂದುಕೊಂಡು ಮಗುವನ್ನು ಬೈಯಬೇಡಿ. ಅದು ನಿಮಗೆ ಸಿಕ್ಕ ಸುಳಿವು.

ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಎಷ್ಟೋ ತಿಂಗಳಾದ ಮಗು ಮತ್ತೆ ಶುರು ಮಾಡಿದರೆ ಅದಂತೂ ಬಹಳ ಮುಖ್ಯ. ಹೊಸ ಜಾಗದ ಭಯಕ್ಕೂ ಹೀಗಾಗುತ್ತದೆ, ನಿಜ, ಆದರೆ ಭಯಕ್ಕೆ ಬಾಯಾರಿಕೆ ಆಗುವುದಿಲ್ಲ, ತೂಕ ಇಳಿಯುವುದಿಲ್ಲ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇವೆ. ಹಾಸಿಗೆ ಒದ್ದೆಯಾಗುತ್ತದೆ ಅಂತ ಸಂಜೆಯಿಂದ ನೀರು ಕೊಡುವುದನ್ನು ನಿಲ್ಲಿಸುವವರು ಇದ್ದಾರೆ. ಶುಗರ್ ಇರುವ ಮಗುವಿಗೆ ಹೀಗೆ ಮಾಡಿದರೆ ಮೈಯಲ್ಲಿ ನೀರೇ ಇಲ್ಲದಂತಾಗುತ್ತದೆ. ಕೇಳಿದಷ್ಟು ನೀರು ಕೊಡಿ, ಆದರೆ ಏಕೆ ಕೇಳುತ್ತಿದೆ ಅಂತ ಅವತ್ತೇ ಪರೀಕ್ಷೆ ಮಾಡಿಸಿ.

ಇನ್ನೂ ಮಾತು ಬರದ ಮಗುವಾದರೆ ಡೈಪರ್ ನೋಡಿ. ಮೊದಲಿಗಿಂತ ಬೇಗ ಬೇಗ ತುಂಬಿ ಭಾರವಾಗುತ್ತಿದೆಯಾ, ಆ ಜಾಗದಲ್ಲಿ ಕೆಂಪಗಾದದ್ದು ಏನು ಹಚ್ಚಿದರೂ ಹೋಗುತ್ತಿಲ್ಲವಾ? ಹೆಣ್ಣುಮಕ್ಕಳಿಗೆ ತುರಿಕೆ, ಉರಿ ಬರಬಹುದು. ಸಕ್ಕರೆ ಇರುವ ಮೂತ್ರದಿಂದ ಫಂಗಸ್ ಸುಲಭವಾಗಿ ಬೆಳೆಯುತ್ತದೆ. ಮಗು ಒಂದ ಮಾಡಿದ ಕಡೆ ಇರುವೆ ಮುತ್ತುತ್ತಿದ್ದರೆ ಅದನ್ನೂ ಅಲಕ್ಷ್ಯ ಮಾಡಬೇಡಿ, ನಮ್ಮ ಹಿಂದಿನ ವೈದ್ಯರಿಗೂ ಇದು ಗೊತ್ತಿತ್ತು. ಆದರೆ ಏಳನೇ ಮಹಡಿಯ ಫ್ಲಾಟ್‌ನಲ್ಲಿ ಇರುವೆ ಬರದಿರಬಹುದು, ನೀರು ಹಾಕಿದ ಕಮೋಡ್‌ನಲ್ಲಿ ಗೊತ್ತಾಗದಿರಬಹುದು. ಇರುವೆ ಬರಲಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ.

ಇನ್ನು ತೂಕ. ಚೆನ್ನಾಗಿ ತಿನ್ನುತ್ತಿದೆ, ಮೊದಲಿಗಿಂತ ಜಾಸ್ತಿಯೇ ತಿನ್ನುತ್ತಿದೆ, ಆದರೂ ಚಡ್ಡಿ ಸಡಿಲವಾಗುತ್ತಿದೆ. ರಕ್ತದಲ್ಲಿ ಬೇಕಾದಷ್ಟು ಸಕ್ಕರೆ ಇದ್ದರೂ ಇನ್ಸುಲಿನ್ ಇಲ್ಲದೆ ದೇಹ ಅದನ್ನು ಬಳಸಲಾರದು, ಹಾಗಾಗಿ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಸುಸ್ತು, ಸಿಡುಕು, ಆಟ ಬಿಟ್ಟು ಮೂಲೆಯಲ್ಲಿ ಕೂರುವುದು ಎಲ್ಲ ಇದರ ಜೊತೆಗೇ ಬರುತ್ತವೆ. ಕೆಲವು ಮಕ್ಕಳು ಬೋರ್ಡ್ ಮಂಜಾಗಿ ಕಾಣುತ್ತದೆ ಅನ್ನುತ್ತಾರೆ.

ಈ ಎಲ್ಲವೂ ಇರಲೇಬೇಕು ಅಂತಿಲ್ಲ. ಹೊಸದಾಗಿ ಶುರುವಾದ ಬಾಯಾರಿಕೆ ಮತ್ತು ಜಾಸ್ತಿ ಉಚ್ಚೆ, ಇವೆರಡೇ ಇದ್ದರೂ ಸಾಕು, ಪರೀಕ್ಷೆ ಮಾಡಿಸಿ.

ಬೆರಳು ಚುಚ್ಚಿ ನೋಡುವ ಪರೀಕ್ಷೆ

ಪರೀಕ್ಷೆ ಬಹಳ ಸುಲಭ. ಬೆರಳ ತುದಿಯಿಂದ ಒಂದು ಹನಿ ರಕ್ತ, ಕೆಲವೇ ಸೆಕೆಂಡಿನಲ್ಲಿ ಗ್ಲುಕೋಮೀಟರ್ ಅಂಕಿ ತೋರಿಸುತ್ತದೆ. ಮಕ್ಕಳ ಡಾಕ್ಟರ ಕ್ಲಿನಿಕ್ ಆಗಬಹುದು, ಬಡಾವಣೆಯಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ ಆಗಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರ ಆಗಬಹುದು, ಹತ್ತಿರ ಯಾವುದಿದೆಯೋ ಅಲ್ಲಿಗೆ ಹೋಗಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಬನ್ನಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಲಕ್ಷಣ ಇರುವ ಮಗುವಿಗೆ ಊಟ ಆಗಿದ್ದರೂ ಆಗಿರದಿದ್ದರೂ ಆಗಲೇ ನೋಡಬೇಕು. ಭಾಷೆಯ ತೊಂದರೆ ಆದರೆ ಜಾಸ್ತಿ ವಿವರಿಸುವುದೇ ಬೇಡ: "ತುಂಬಾ ನೀರು ಕುಡೀತಿದೆ, ತುಂಬಾ ಯೂರಿನ್ ಹೋಗ್ತಿದೆ, ತೂಕ ಇಳಿದಿದೆ, ಈಗಲೇ ಶುಗರ್ ಚೆಕ್ ಮಾಡಿ." ಶುಗರ್ ಚೆಕ್ ಅನ್ನುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು.

ಮನೆಯಲ್ಲಿ ತಾತನ ಗ್ಲುಕೋಮೀಟರ್ ಇದ್ದರೆ ಅದರಲ್ಲೂ ನೋಡಬಹುದು. ಆದರೆ ಸೂಜಿ ಹೊಸದಿರಬೇಕು, ಸ್ಟ್ರಿಪ್‌ನ ತಾರೀಕು ಮುಗಿದಿರಬಾರದು, ಮಗುವಿನ ಕೈ ಸೋಪು ಹಾಕಿ ತೊಳೆದು ಒರೆಸಿರಬೇಕು. ಬಾಳೆಹಣ್ಣೋ ಬಿಸ್ಕತ್ತೋ ತಿಂದ ಕೈ ಹಾಗೇ ಇದ್ದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಲಕ್ಷಣಗಳ ಜೊತೆ 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವತ್ತೇ, ಅದೇ ಗಂಟೆಯಲ್ಲಿ, ಆಸ್ಪತ್ರೆಗೆ ಹೊರಡಿ. ಅಂಕಿಯ ಬದಲು ‘ಹೈ’ ಅಂತ ಬಂದರೆ ಮೀಟರ್ ಅಳೆಯಲಾರದಷ್ಟು ಏರಿದೆ ಅಂತ ಅರ್ಥ. 140ರಿಂದ 200ರ ನಡುವೆ ಬಂದರೂ ಅವತ್ತೇ ಡಾಕ್ಟರಿಗೆ ತೋರಿಸಿ. ಜೋರು ಜ್ವರದಲ್ಲಿ, ಸ್ಟಿರಾಯ್ಡ್ ಕೊಟ್ಟಾಗ ಸಕ್ಕರೆ ತಾತ್ಕಾಲಿಕವಾಗಿ ಏರುವುದೂ ಉಂಟು, ಅದನ್ನು ತೀರ್ಮಾನಿಸುವುದು ಅವರ ಕೆಲಸ. ಅಂಕಿ ಸರಿ ಇದ್ದು ಬಾಯಾರಿಕೆ ಹಾಗೇ ಮುಂದುವರಿದರೂ ಮತ್ತೆ ತೋರಿಸಿ. ತಾತನ ಶುಗರ್ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವ ಯೋಚನೆ ಮಾತ್ರ ಯಾವ ಕಾರಣಕ್ಕೂ ಬೇಡ.

ಕಾಯಲೇಬಾರದ ಹೊತ್ತು

ಇನ್ಸುಲಿನ್ ಇಲ್ಲದೆ ಕೊಬ್ಬು ಕರಗುತ್ತಾ ಹೋದರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಸೇರಿಕೊಳ್ಳುತ್ತದೆ. ಡಾಕ್ಟರುಗಳು ಇದನ್ನು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಅನ್ನುತ್ತಾರೆ. ಆಗ ವಾಂತಿ, ಹೊಟ್ಟೆನೋವು, ಕೆಮ್ಮಿಲ್ಲದೆ ಜೋರಾದ ಆಳವಾದ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಒಣಗಿದ ತುಟಿ, ಕರೆದರೂ ಸರಿಯಾಗಿ ಕಣ್ಣು ಬಿಡದ ಮಂಪರು ಕಾಣಿಸುತ್ತವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ತುಂಬಾ ಬೇಗ ಬರುತ್ತದೆ. ನಿನ್ನೆ ಆಡುತ್ತಿದ್ದ ಮಗು ಇವತ್ತು ಏಳಲಾರದೆ ಮಲಗಿರುತ್ತದೆ.

ಮೋಸ ಹೋಗುವುದು ಇಲ್ಲೇ. ವಾಂತಿ ನೋಡಿದವರು ಫುಡ್ ಪಾಯ್ಸನ್ ಅನ್ನುತ್ತಾರೆ, ಹೊಟ್ಟೆನೋವು ನೋಡಿ ಅಪೆಂಡಿಕ್ಸ್ ಅನ್ನುತ್ತಾರೆ, ಉಸಿರು ನೋಡಿ ಬೆಂಗಳೂರಿನ ಧೂಳಿಗೆ ವೀಸಿಂಗ್ ಶುರುವಾಗಿದೆ ಅಂತ ನೆಬ್ಯುಲೈಸರ್ ಹಿಡಿಸುತ್ತಾರೆ. ಒಂದು ವ್ಯತ್ಯಾಸ ನೆನಪಿಡಿ. ಬರೀ ವಾಂತಿಭೇದಿಯಿಂದ ಸೊರಗಿದ ಮಗು ಒಂದಕ್ಕೆ ಹೋಗುವುದು ಕಡಿಮೆಯಾಗುತ್ತದೆ. ನಾಲಿಗೆ ಒಣಗಿದೆ, ಕಣ್ಣು ಗುಳಿ ಬಿದ್ದಿದೆ, ಆದರೂ ಡೈಪರ್ ತುಂಬುತ್ತಲೇ ಇದೆ ಅಂದರೆ ಮೊದಲು ಶುಗರ್ ನೋಡಬೇಕು. ಸುಸ್ತಾಗಿದೆ ಅಂತ ಗ್ಲುಕೋಸ್ ಪುಡಿ, ಜ್ಯೂಸ್, ಎಳನೀರು ಕುಡಿಸಬೇಡಿ. ನರ್ಸಿಂಗ್ ಹೋಮ್‌ನಲ್ಲಿ "ಒಂದು ಬಾಟಲ್ ಗ್ಲುಕೋಸ್ ಹಾಕಿಸೋಣ" ಅಂದರೆ, ಅದಕ್ಕೂ ಮುಂಚೆ ಶುಗರ್ ನೋಡಿ ಸಾರ್ ಅಂತ ಕೇಳಿ. ಹೀಗೆ ಕೇಳುವುದು ಉದ್ಧಟತನ ಅಲ್ಲ.

ಎಲ್ಲಿಗೆ ಹೋಗುವುದು ಅಂತ ಈಗಲೇ, ಮಗು ಚೆನ್ನಾಗಿರುವಾಗಲೇ ಗೊತ್ತು ಮಾಡಿಕೊಳ್ಳಿ. ಮಕ್ಕಳ ಐಸಿಯು ಇರುವ, ಇಪ್ಪತ್ತನಾಲ್ಕು ಗಂಟೆ ಮಕ್ಕಳ ಡಾಕ್ಟರ್ ಸಿಗುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರದ್ದು ಯಾವುದು ಅಂತ ಅಕ್ಕಪಕ್ಕದವರನ್ನು ಕೇಳಿ, ಒಮ್ಮೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಸರ್ಕಾರಿ ವ್ಯವಸ್ಥೆಯಲ್ಲಿ ನಿಮ್ಹಾನ್ಸ್ ಹತ್ತಿರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಕೆ.ಆರ್. ಮಾರುಕಟ್ಟೆ ಹತ್ತಿರ ವಾಣಿ ವಿಲಾಸ ಆಸ್ಪತ್ರೆ ಇದೆ. ಕೋರಮಂಗಲದ ಕಡೆಯವರಿಗೆ ಸೇಂಟ್ ಜಾನ್ಸ್ ಹತ್ತಿರ. ವೈಟ್‌ಫೀಲ್ಡ್‌ನಿಂದ, ಯಲಹಂಕದಿಂದ ಹೊರಟು ಸಂಜೆ ಟ್ರಾಫಿಕ್‌ನಲ್ಲಿ ಊರು ದಾಟುವುದಕ್ಕಿಂತ ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರು ಮಾಡಿಸಿ, ಬೇಕಾದರೆ ಅಲ್ಲಿಂದ ಮುಂದೆ ಕಳಿಸುತ್ತಾರೆ. ಮಗು ಮಂಪರಿನಲ್ಲಿದ್ದರೆ 108ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಿಪಿಎಲ್ ಕಾರ್ಡ್, ಆಧಾರ್ ಇದ್ದರೆ ಜೊತೆಗಿರಲಿ, ಆದರೆ ಅದನ್ನು ಹುಡುಕುತ್ತಾ ಹತ್ತು ನಿಮಿಷ ಕಳೆಯಬೇಡಿ, ಆಮೇಲೆ ಯಾರಾದರೂ ತಂದುಕೊಡಲಿ.

ಡಯಾಬಿಟಿಸ್ ಹೌದು ಅಂತ ಡಾಕ್ಟರ್ ಹೇಳಿದ ಮೇಲೆ

ಇನ್ಸುಲಿನ್ ಅಂದ ಕೂಡಲೇ ಮನೆಯವರು ಕುಸಿದುಬಿಡುತ್ತಾರೆ. ಇಷ್ಟು ಪುಟ್ಟ ಕೈಗೆ ದಿನಾ ಸೂಜಿಯಾ ಅಂತ. ನೋವು ನಮಗೂ ಅರ್ಥವಾಗುತ್ತದೆ. ಆದರೆ 1922ರಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಬಹಳ ದಿನ ಉಳಿಯುತ್ತಿರಲಿಲ್ಲ. ಈಗ ಅವರು ಓದುತ್ತಾರೆ, ಕ್ರಿಕೆಟ್ ಆಡುತ್ತಾರೆ, ಕೆಲಸಕ್ಕೆ ಸೇರುತ್ತಾರೆ, ಮದುವೆಯಾಗುತ್ತಾರೆ. ಸೂಜಿಯೂ ಈಗ ಕೂದಲಿನಷ್ಟು ಸಣ್ಣ.

ಇನ್ನೊಂದು ಕಡೆ ತುಂಬಾ ಎಚ್ಚರ ಬೇಕು. ಇನ್ಸುಲಿನ್ ಶುರುವಾದ ಕೆಲವು ವಾರಕ್ಕೆ ಎಷ್ಟೋ ಮಕ್ಕಳಲ್ಲಿ ಡೋಸ್ ಬಹಳ ಕಡಿಮೆ ಸಾಕಾಗುತ್ತದೆ. ಉಳಿದಿರುವ ಜೀವಕೋಶಗಳು ಸ್ವಲ್ಪ ದಿನ ಚೇತರಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ನೆಂಟರು ನಾಟಿ ಔಷಧಿ ಹೇಳಿರುತ್ತಾರೆ, ಹಾಗಲಕಾಯಿ ರಸ ಕುಡಿಸಿರುತ್ತಾರೆ, ವಾಸಿಯಾಯಿತು ಅಂತ ಇನ್ಸುಲಿನ್ ನಿಲ್ಲಿಸಿಬಿಡುತ್ತಾರೆ. ವಾಸಿಯಾಗಿರುವುದಿಲ್ಲ. ಮಗು ಮತ್ತೆ ಐಸಿಯು ಸೇರುತ್ತದೆ. ಡೋಸ್ ಕಡಿಮೆ ಮಾಡುವುದು ಡಾಕ್ಟರ್ ಹೇಳಿದರೆ ಮಾತ್ರ.

ಸ್ಕೂಲಿಗೆ ಮುಚ್ಚಿಡಬೇಡಿ. ಸಕ್ಕರೆ 70ಕ್ಕಿಂತ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಆಗ ಮಾತ್ರ ಬೇಗ ಸಕ್ಕರೆಯನ್ನೋ ಗ್ಲುಕೋಸನ್ನೋ ಕೊಡಬೇಕು ಅನ್ನುವುದು ಕ್ಲಾಸ್ ಟೀಚರಿಗೆ, ವ್ಯಾನ್‌ನ ಆಂಟಿಗೆ ಗೊತ್ತಿರಬೇಕು. ಬರೆದು ಕೊಡಿ, ಎರಡು ಸಾಲು ಸಾಕು.

ಹಬ್ಬಕ್ಕೆ ಊರಿಗೆ ಹೋಗುವಾಗ ಇನ್ಸುಲಿನ್ನನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕುವ ಸೂಟ್‌ಕೇಸ್‌ನಲ್ಲಿ ಇಡಬೇಡಿ, ಕೈಚೀಲದಲ್ಲಿ ನಿಮ್ಮ ಜೊತೆಗೇ ಇರಲಿ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡುವ ವಸ್ತು ಅದು, ಆದರೆ ಫ್ರೀಜರ್‌ನಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ, ಕರಗಿಸಿ ಬಳಸುವಂತಿಲ್ಲ. ಊರಿನಲ್ಲಿ ಫ್ರಿಜ್ ಇಲ್ಲದಿದ್ದರೆ ನೀರು ಹಾಕಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿ ಇಟ್ಟು ನೆರಳಲ್ಲಿಡಿ. ಊರಿನಲ್ಲಿರುವಷ್ಟು ದಿನಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತೆಗೆದುಕೊಂಡು ಹೋಗಿ, ಸ್ಟ್ರಿಪ್‌ಗಳನ್ನೂ ಅಷ್ಟೇ.