ಇಂಗ್ಲೆಂಡಿಗೆ ಕಾನೂನು ಓದಲು ಬಂದವರಿಗೆ

ಕೋಣೆ ಹಿಡಿಯುವುದು, ಬ್ಯಾಂಕ್ ಖಾತೆ, ಚಳಿಗಾಲದ ಕೋಟು ಇವುಗಳ ಬಗ್ಗೆ ಬುದ್ಧಿ ಹೇಳಲು ಇಲ್ಲಿ ಬೇಕಾದಷ್ಟು ಕನ್ನಡಿಗರಿದ್ದಾರೆ. ನಾನು ಓದಿನ ಮಾತಷ್ಟೇ ಆಡುತ್ತೇನೆ.

ಊರಿನ ಕಾನೂನು ಕಾಲೇಜಿನಲ್ಲಿ ಕಲಿತದ್ದು ಬಹುಪಾಲು ಇಲ್ಲಿಯೂ ಕೈಹಿಡಿಯುತ್ತದೆ. ಕೈಕೊಡುವುದು ಒಂದು ನಂಬಿಕೆ: ಸಂಸತ್ತು ಎಲ್ಲೆ ಮೀರಿದರೆ ನ್ಯಾಯಾಲಯ ಆ ಶಾಸನವನ್ನೇ ರದ್ದುಮಾಡುತ್ತದೆ ಎಂಬುದು. ನಮ್ಮಲ್ಲಿ ಅದು ರಕ್ತಗತ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ, 1973ರಲ್ಲಿ, 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಸಂವಿಧಾನದ ತಿದ್ದುಪಡಿಗೂ ಬೇಲಿ ಹಾಕಿತು. ಇಂಗ್ಲೆಂಡಿನಲ್ಲಿ ಒಂದೇ ದಾಖಲೆಯಾಗಿ ಬರೆದಿಟ್ಟ ಸಂವಿಧಾನವೇ ಇಲ್ಲ. ಸಂಸತ್ತು ಯಾವ ಕಾನೂನನ್ನಾದರೂ ಮಾಡಬಹುದು, ಯಾವುದನ್ನಾದರೂ ಅಳಿಸಬಹುದು, ಅದನ್ನು ಬದಿಗೆ ಸರಿಸುವ ಅಧಿಕಾರ ಯಾರಿಗೂ ಇಲ್ಲ ಎಂದು ಇಲ್ಲಿನ ಕಾನೂನು ಪಂಡಿತ ಡೈಸಿ 1885ರಲ್ಲಿ ಬರೆದದ್ದೇ ಇಂದಿಗೂ ಪಾಠದ ಮೊದಲ ಪುಟ.

ಹಾಗಾದರೆ 1998ರ ಮಾನವ ಹಕ್ಕುಗಳ ಕಾಯ್ದೆ ಯಾಕಿದೆ ಎಂದು ಕೇಳುತ್ತೀರಿ. 2004ರ ಬೆಲ್‌ಮಾರ್ಶ್ ತೀರ್ಪನ್ನು ಓದಿ. ಭಯೋತ್ಪಾದನೆಯ ಶಂಕೆಯ ಮೇಲೆ ವಿದೇಶಿಯರನ್ನು ವಿಚಾರಣೆಯಿಲ್ಲದೆ ಅನಿರ್ದಿಷ್ಟ ಕಾಲ ಕೂಡಿಹಾಕಲು ಅವಕಾಶವಿದ್ದ ಬೇರೊಂದು ಕಾನೂನು ಅಲ್ಲಿ ಪ್ರಶ್ನೆಗೆ ಬಂದಿತ್ತು. ಒಂಬತ್ತರಲ್ಲಿ ಎಂಟು ಕಾನೂನು ಲಾರ್ಡ್‌ಗಳು (ಆಗಿನ ಅತ್ಯುನ್ನತ ನ್ಯಾಯಮೂರ್ತಿಗಳು) ಅದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು ಘೋಷಿಸಿದರು. ಅಷ್ಟೇ. ಘೋಷಣೆಯಿಂದ ಕಾನೂನು ಬಿದ್ದುಹೋಗಲಿಲ್ಲ, ಜೈಲಿನ ಬಾಗಿಲೂ ತೆರೆಯಲಿಲ್ಲ. ಮರುವರ್ಷ ಸಂಸತ್ತೇ ಅದರ ಬದಲು ಬೇರೆ ಕಾಯ್ದೆ ತಂದಿತು. ಈ ಒಂದು ಪ್ರಕರಣ ಅರಗಿದರೆ ಅರ್ಧ ಪ್ರಶ್ನೆಪತ್ರಿಕೆ ಗೆದ್ದಂತೆ.

ಉಳಿದರ್ಧ ಜಗಳದ್ದು. ಡೈಸಿಯ ಮಾತು ಈಗಲೂ ನಿಲ್ಲುತ್ತದೆಯೇ? ನರಿ ಬೇಟೆ ನಿಷೇಧಿಸಿದ ಕಾಯ್ದೆಯೇ ಸಿಂಧುವಲ್ಲ ಎಂಬ ವಾದದಿಂದ ಹುಟ್ಟಿದ ಜಾಕ್ಸನ್ ಪ್ರಕರಣದಲ್ಲಿ (2005) ಅರ್ಜಿದಾರರು ಸೋತರು. ಆದರೆ ಲಾರ್ಡ್ ಸ್ಟೇನ್, ಲಾರ್ಡ್ ಹೋಪ್, ಲೇಡಿ ಹೇಲ್ ಮೂವರೂ ಸಂಸತ್ತಿನ ಅಧಿಕಾರಕ್ಕೂ ಮಿತಿಯಿರಬಹುದು ಎಂಬರ್ಥದ ಮಾತನ್ನು ಪ್ರಾಸಂಗಿಕವಾಗಿ ಆಡಿದರು. ಅದೇ ಪೀಠದಲ್ಲಿದ್ದ ಲಾರ್ಡ್ ಬಿಂಗ್‌ಹ್ಯಾಮ್ ಇದನ್ನು ಒಪ್ಪದೆ ಆಮೇಲೆ ಬರೆದರು. ಇದು ಇನ್ನೂ ತೀರದ ವಾದ. ನೀವೂ ಒಂದು ಪಕ್ಷ ಹಿಡಿಯಲೇಬೇಕು. ‘ಎರಡೂ ಕಡೆ ಸತ್ಯವಿದೆ’ ಎಂದು ಮುಗಿಸುವ ಉತ್ತರಕ್ಕೆ ಇಲ್ಲಿನ ಅಧ್ಯಾಪಕರು ಸೊಪ್ಪು ಹಾಕುವುದಿಲ್ಲ.

2019ರ ಸೆಪ್ಟೆಂಬರ್ 24ರ ತೀರ್ಪಿನ ಬಗ್ಗೆ ಎಚ್ಚರ. ಪ್ರಧಾನಿಯ ಸಲಹೆಯಂತೆ ಸಂಸತ್ತಿನ ಅಧಿವೇಶನ ಮೊಟಕುಗೊಳಿಸಿದ್ದು ಕಾನೂನುಬಾಹಿರ ಎಂದು 11 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ನಮ್ಮ ಹುಡುಗರು ಇದನ್ನು ಸಂಸತ್ತಿನ ಮೇಲೆ ನ್ಯಾಯಾಲಯದ ಗೆಲುವು ಎಂದು ಬರೆದುಬಿಡುತ್ತಾರೆ. ತದ್ವಿರುದ್ಧ: ಸರ್ಕಾರದ ಕೈಯಿಂದ ಸಂಸತ್ತನ್ನು ಕಾಪಾಡಿದ ತೀರ್ಪು ಅದು. ಇದರ ಪಕ್ಕದಲ್ಲಿ ರುವಾಂಡಾ ಪ್ರಕರಣವನ್ನಿಡಿ. ಆಶ್ರಯ ಕೋರಿದವರನ್ನು ಅಲ್ಲಿಗೆ ಕಳಿಸುವುದು ಸುರಕ್ಷಿತವಲ್ಲ ಎಂದು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಹೇಳಿತು. ಆ ದೇಶವನ್ನು ಸುರಕ್ಷಿತವೆಂದೇ ಪರಿಗಣಿಸತಕ್ಕದ್ದು ಎಂದು ಸಂಸತ್ತು 2024ರಲ್ಲಿ ಕಾಯ್ದೆ ಮಾಡಿತು. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ತೋಚುವುದಿಲ್ಲ.

ಕರಾರಿನ ಕಾನೂನಿನಲ್ಲಿ ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಲ್ಲುವುದು) ಯಾರಿಂದ ಬರಬೇಕು ಎಂಬಲ್ಲಿ ಮಾತ್ರ ಹುಷಾರು. ನಮ್ಮ 1872ರ ಕಾಯ್ದೆಯಲ್ಲಿ ಮೂರನೆಯವರೂ ಕೊಡಬಹುದು. ಇಲ್ಲಿ ಕೊಡಬೇಕಾದವರು ಮಾತು ಪಡೆದವರೇ.

ಪಾನೀಯದ ಬಾಟಲಿಯಲ್ಲಿ ಬಸವನಹುಳು ಇತ್ತೆಂದು ಕುಡಿದಾಕೆ ತಯಾರಕನ ಮೇಲೆ ಹೂಡಿದ ಡೊನೊಹ್ಯೂ ಪ್ರಕರಣದ ಕಥೆ ಎಲ್ಲರಿಗೂ ಬಾಯಿಪಾಠ. ಆ 1932ರ ತೀರ್ಪು ಬಂದದ್ದು 3-2ರಲ್ಲಿ ಎಂಬುದನ್ನು, ಲಾರ್ಡ್ ಬಕ್‌ಮಾಸ್ಟರ್ ಅವರ ಖಾರವಾದ ಭಿನ್ನಮತವನ್ನು ಓದಿದವರು ಕಡಿಮೆ. ಸೆಮಿನಾರಿಗೆ ಅದನ್ನು ಓದಿಕೊಂಡು ಹೋಗಿ. ಅಂಕ ಇರುವುದು ಅಲ್ಲಿ.

ಲಂಡನ್ನಿನ ಸುತ್ತಮುತ್ತ ಇರುವವರು ಪಾರ್ಲಿಮೆಂಟ್ ಸ್ಕ್ವೇರಿನ ಸುಪ್ರೀಂ ಕೋರ್ಟಿನಲ್ಲಿ ಒಂದು ಬೆಳಗ್ಗೆ ಕುಳಿತು ಬನ್ನಿ. ಪ್ರವೇಶ ಉಚಿತ. ನ್ಯಾಯಮೂರ್ತಿಗಳು ವಿಗ್ಗು, ಗೌನು ತೊಡದೆ ಮಾಮೂಲಿ ಸೂಟಿನಲ್ಲೇ ಕುಳಿತಿರುತ್ತಾರೆ. ಪ್ರಕರಣದ ಸಾರಾಂಶ ಅವರ ಜಾಲತಾಣದಲ್ಲೇ ಸಿಗುತ್ತದೆ. ಹಿಂದಿನ ರಾತ್ರಿ ಅದನ್ನು ಓದದೆ ಹೋದರೆ ವಾದದ ತಲೆಬುಡ ತಿಳಿಯದು. ದೂರದ ಊರಿನವರಿಗೆ ಅಲ್ಲೇ ನೇರಪ್ರಸಾರವೂ ಇದೆ.