ಕೌನ್ಸೆಲರ್ ಮುಂದೆ ಕೂರುವ ಮೊದಲು ಮಾರ್ಕ್ಸ್ ಕಾರ್ಡ್ ಹೊರಗೆ ತೆಗೆಯಿರಿ

ನಮ್ಮ ಕಡೆ ಪ್ಲೇಸ್‌ಮೆಂಟ್ ಅಂದರೆ ಕೆಲಸ, ಕೌನ್ಸೆಲಿಂಗ್ ಅಂದರೆ ಸಿಇಟಿ ಸೀಟು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಮೊದಲ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ವರ್ಗವಾಗಬಹುದಾದ ಕಾಲೇಜಿಗೆ, ಕಾಲಿಟ್ಟರೆ ಈ ಎರಡೂ ಪದಗಳ ಅರ್ಥವೇ ಬೇರೆ. ಅಲ್ಲಿ ಪ್ಲೇಸ್‌ಮೆಂಟ್ ಅಂದರೆ ಗಣಿತ, ಇಂಗ್ಲಿಷಿನಲ್ಲಿ ನಿಮ್ಮನ್ನು ಯಾವ ಹಂತದ ಕ್ಲಾಸಿಗೆ ಕೂರಿಸಬೇಕು ಅನ್ನುವ ತೀರ್ಮಾನ. ಕೌನ್ಸೆಲರ್ ಅಂದರೆ ಯಾವ ಟರ್ಮ್‌ನಲ್ಲಿ ಯಾವ ಕೋರ್ಸ್ ತಗೋಬೇಕು ಎಂದು ನಿಮ್ಮ ಜೊತೆ ಕೂತು ಪಟ್ಟಿ ಮಾಡಿಕೊಡುವವರು.

ಇದು ನಮಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ನನ್ನ ಅಕ್ಕನ ಮಗ ಪಿಯುಸಿಯಲ್ಲಿ ಪಿಸಿಎಂಸಿ ಓದಿದವನು. ಇಂಟಿಗ್ರೇಷನ್ ಅವನಿಗೆ ನೀರು ಕುಡಿದಷ್ಟು ಸಲೀಸು. ಕಾಲೇಜಿನ ಆನ್‌ಲೈನ್ ಫಾರ್ಮ್ 'ಅಮೆರಿಕದ ಹೈಸ್ಕೂಲಿನಲ್ಲಿ ಓದಿದ್ದೀರಾ' ಎಂದು ಕೇಳಿತು. ಇಲ್ಲ ಎಂದು ಒತ್ತಿದ. ಆಮೇಲೆ ಗಣಿತ ಎಷ್ಟು ಬರುತ್ತೆ ಎಂದು ಕೇಳಿದ ಕಡೆಯಲ್ಲೆಲ್ಲ 'ಸ್ವಲ್ಪ' ಅನ್ನುವುದನ್ನೇ ಆರಿಸಿದ. ನಮ್ಮ ಮಕ್ಕಳಿಗೆ ಕಲಿಸಿದ ವಿನಯ! ಮೊದಲ ಕ್ವಾರ್ಟರ್ (ಸುಮಾರು ಮೂರು ತಿಂಗಳ ಟರ್ಮ್) ಪೂರ್ತಿ, ಕ್ಯಾಲ್ಕುಲಸ್‌ಗೂ ಮುಂಚಿನ ಪ್ರಿಕ್ಯಾಲ್ಕುಲಸ್ ಕ್ಲಾಸಿನಲ್ಲಿ ಆಕಳಿಸುತ್ತಾ ಕೂತ. ಅಕ್ಕ ಜೋಪಾನವಾಗಿ ಲ್ಯಾಮಿನೇಟ್ ಮಾಡಿಸಿ ಕಳಿಸಿದ್ದ ಮಾರ್ಕ್ಸ್ ಕಾರ್ಡ್ ಸೂಟ್‌ಕೇಸಿನ ತಳದಲ್ಲೇ ಇತ್ತು. ಕಾಲೇಜಿನವರು ಕೇಳಲಿಲ್ಲ, ಇವನು ತೋರಿಸಲಿಲ್ಲ.

ಮೊದಲು ಪ್ಲೇಸ್‌ಮೆಂಟ್ ಮುಗಿಸಿ

ಹಿಂದೆ ಇದಕ್ಕೊಂದು ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಎಡವಿದವರು ಯೂನಿವರ್ಸಿಟಿಗೆ ಹೋಗುವಾಗ ಲೆಕ್ಕಕ್ಕೆ ಬಾರದ ಕೆಳಹಂತದ ಕ್ಲಾಸುಗಳಲ್ಲೇ ವರ್ಷ ಕಳೆಯುತ್ತಿದ್ದರು. ಎಷ್ಟೋ ಮಂದಿ ಅಲ್ಲಿಂದಲೇ ಓದು ಬಿಟ್ಟು ಹೋಗುತ್ತಿದ್ದರು. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂತು. 2019ರ ಫಾಲ್ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಟರ್ಮ್) ಹೊತ್ತಿಗೆ ಎಲ್ಲ ಕಾಲೇಜುಗಳೂ ಹೈಸ್ಕೂಲಿನ ಕೋರ್ಸು, ಗ್ರೇಡು, ಜಿಪಿಎ (ಗ್ರೇಡುಗಳ ಸರಾಸರಿ) ನೋಡಿ ಹಂತ ಗೊತ್ತು ಮಾಡುವ ಪದ್ಧತಿಗೆ ಬರಬೇಕಾಯಿತು. ಅಲ್ಲೇ ಹೈಸ್ಕೂಲ್ ಓದಿದ ಮಕ್ಕಳಿಗೆ ಇದು ಸುಲಭ. ಪಿಯುಸಿ ಮುಗಿಸಿ ಹೋದವರು ಮಾತ್ರ ತಮ್ಮ ಓದನ್ನು ತಾವೇ ವಿವರಿಸಿ ಹೇಳಬೇಕು, ಯಾಕಂದರೆ ಎರಡನೇ ಪಿಯುಸಿ ಅಂದರೆ ಏನು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಮಾರ್ಕ್ಸ್ ಕಾರ್ಡಿನ ಜೊತೆಗೆ ಗಣಿತದ ಸಿಲಬಸ್ ಪುಟವನ್ನೂ ಪ್ರಿಂಟ್ ಮಾಡಿಕೊಳ್ಳಿ. ಡೆರಿವೇಟಿವ್ಸ್, ಇಂಟಿಗ್ರಲ್ಸ್ ಅನ್ನುವ ಅಧ್ಯಾಯಗಳ ಹೆಸರಿಗೆ ಗೆರೆ ಎಳೆದಿಡಿ. ಫಾರ್ಮ್ ತುಂಬುವಾಗ ಇದ್ದದ್ದನ್ನು ಇದ್ದಹಾಗೆ ಹೇಳಿ, ಸಂಕೋಚ ಬೇಡ. ಕೆಳಗಿನ ಹಂತ ಬಂದರೆ ಪ್ರಿರಿಕ್ವಿಸಿಟ್ ಕ್ಲಿಯರೆನ್ಸ್ ಕೇಳಿ, ಅಂದರೆ ಮೊದಲು ಮುಗಿಸಿರಬೇಕಾದ ಕೋರ್ಸನ್ನು ಬೇರೆಡೆ ಓದಿದ್ದೀರಿ ಎಂದು ಒಪ್ಪಿಸುವುದು. ಅದೂ ಆಗದಿದ್ದರೆ ಆ ವಿಷಯ ಬರುತ್ತದೆ ಎಂದು ತೋರಿಸಿಕೊಡುವ ಪ್ರಿರಿಕ್ವಿಸಿಟ್ ಚಾಲೆಂಜ್ ಅಂತ ಒಂದು ದಾರಿ ಇದೆ. ಕೇಳಿದವರಿಗೆ ಮಾತ್ರ ಸಿಗುವಂಥದ್ದು ಇದು.

ಅಪಾಯಿಂಟ್‌ಮೆಂಟ್ ಯಾವಾಗ?

ಟರ್ಮ್ ಶುರುವಾಗುವ ವಾರ ಬೇಡ. ಆಗ ಕೌನ್ಸೆಲಿಂಗ್ ಕಚೇರಿಯಲ್ಲಿ ಮೆಜೆಸ್ಟಿಕ್ ಬಸ್‌ ಸ್ಟ್ಯಾಂಡಿನಷ್ಟು ಜನ. ಹತ್ತು ನಿಮಿಷ ನಿಂತುಕೊಂಡೇ ಮಾತಾಡಿ ಬರಬೇಕಾಗುತ್ತದೆ. ಟರ್ಮ್ ಮಧ್ಯದಲ್ಲಿ ಸಮಯ ಕಾದಿರಿಸಿದರೆ ನೆಮ್ಮದಿಯಾಗಿ ಕೂತು ಮಾತಾಡಬಹುದು. 'ಏನು ತಗೊಳ್ಳಲಿ' ಎಂದು ಬರಿಗೈಯಲ್ಲಿ ಹೋಗಬೇಡಿ. ಯಾವ ವಿಷಯ, ಯಾವ ಎರಡು ಮೂರು ಯೂನಿವರ್ಸಿಟಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೊನೆವರೆಗಿನ ಪೂರ್ಣ ಎಜುಕೇಷನ್ ಪ್ಲಾನ್ ಬೇಕು ಎಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಒಂದೆರಡು ಟರ್ಮ್‌ನ ಚುಟುಕು ಪ್ಲಾನ್ ಕೈಗೆ ಬರುತ್ತದೆ. ಓರಿಯೆಂಟೇಷನ್, ಪ್ಲೇಸ್‌ಮೆಂಟ್, ಪ್ಲಾನ್ ಮೂರೂ ಮುಗಿಸಿದವರಿಗೆ ಕೋರ್ಸ್ ನೋಂದಣಿಯಲ್ಲಿ ಮುಂಚಿನ ದಿನ ಸಿಗುತ್ತದೆ. ಕ್ಲಾಸುಗಳು ಬೇಗ ತುಂಬುವ ಕಡೆ ಇದು ಚಿಕ್ಕ ಲಾಭವಲ್ಲ.

ಅಸಿಸ್ಟ್ ನೀವೇ ತೆರೆದು ನೋಡಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಯಾವ ಕಾಲೇಜಿನ ಯಾವ ಕೋರ್ಸು ರಾಜ್ಯದ ಯಾವ ಸರ್ಕಾರಿ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅನ್ನುವ ಲೆಕ್ಕವೆಲ್ಲ ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಒಂದೇ ತಾಣದಲ್ಲಿದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ವರ್ಷ, ಕಾಲೇಜು, ಯೂನಿವರ್ಸಿಟಿ, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಆರಿಸಿದರೆ ಎರಡು ಸಾಲು ಬರುತ್ತವೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸರಿಸಮನಾಗಿ ನಿಮ್ಮ ಕಾಲೇಜಿನಲ್ಲಿ ಇರುವುದು. ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂದು ಕಂಡರೆ ಅದಕ್ಕೆ ಸಮನಾದ ಕೋರ್ಸು ನಿಮ್ಮ ಕಾಲೇಜಿನಲ್ಲಿಲ್ಲ ಎಂದು ಅರ್ಥ. ಪಕ್ಕದ ಕಾಲೇಜಿನ ಪುಟ ನೋಡಿ.

ಒಂದು ಕಡೆ ಹುಷಾರಾಗಿರಬೇಕು. ಎರಡು ಮೂರು ಕೋರ್ಸುಗಳನ್ನು 'ಆ್ಯಂಡ್' ಎಂದು ಒಟ್ಟಿಗೆ ಕಟ್ಟಿಟ್ಟಿರುತ್ತಾರೆ. ಕೂಪರ್ಟಿನೊದ ಡಿ ಆಂಜಾ ಕಾಲೇಜು ಕ್ವಾರ್ಟರ್ ಪದ್ಧತಿಯದು, ಅಲ್ಲಿ ಕ್ಯಾಲ್ಕುಲಸ್ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ತುಂಡು. ಫ್ರೀಮಾಂಟಿನ ಓಲೋನಿ ಕಾಲೇಜು ಸೆಮಿಸ್ಟರ್ ಪದ್ಧತಿಯದು. ಮೊದಲ ಎರಡು ತುಂಡು ಅಲ್ಲಿ, ಉಳಿದದ್ದು ಇಲ್ಲಿ ಎಂದು ಬೇಸಿಗೆಯ ಅನುಕೂಲಕ್ಕೆ ಸೇರಿಸಿಕೊಂಡರೆ ಲೆಕ್ಕ ತಾಳೆಯಾಗದೆ ಹೋಗಬಹುದು. ಶುರು ಮಾಡಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸಿ.

ವಾಟ್ಸ್ಆ್ಯಪ್ ಗುಂಪಿನ ಹಳೇ ಪಟ್ಟಿಗಳನ್ನು ನಂಬಿ ಕೂರಬೇಡಿ. 2025ರ ಫಾಲ್‌ನಿಂದ ಎಲ್ಲ ಕಾಲೇಜುಗಳಿಗೂ ಒಂದೇ ಕೋರ್ಸ್ ಸಂಖ್ಯೆ ಕೊಡುವ ಕೆಲಸ ಶುರುವಾಗಿದೆ. ಐಜೆಟ್ಸಿ ಅನ್ನುತ್ತಿದ್ದ ಸಾಮಾನ್ಯ ವಿಷಯಗಳ ಪಟ್ಟಿಯ ಜಾಗಕ್ಕೆ ಕ್ಯಾಲ್-ಜೆಟ್ಸಿ ಬಂದಿದೆ. ಎರಡು ವರ್ಷ ಹಿಂದೆ ಓದಿದ ಅಣ್ಣನ ಸಲಹೆ ಒಳ್ಳೇದೇ, ಆದರೆ ಕೋರ್ಸಿನ ಹೆಸರೇ ಬದಲಾಗಿರಬಹುದು, ಅಲ್ವಾ?

ವರ್ಗಾವಣೆಯ ಲೆಕ್ಕ

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಮೂರನೇ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಬೇಕು (ಯೂನಿಟ್ ಅಂದರೆ ಕೋರ್ಸಿನ ಕ್ರೆಡಿಟ್ ಲೆಕ್ಕ). ಕನಿಷ್ಠ ಜಿಪಿಎ ರಾಜ್ಯದವರಿಗೆ 2.4, ಹೊರಗಿನವರಿಗೆ 2.8. ಇವು ಹೊಸ್ತಿಲು ಮಾತ್ರ. ಕಂಪ್ಯೂಟರ್ ಸೈನ್ಸ್ ಕೇಳುವವರು ತುಂಬಾ ಮೇಲಿರಬೇಕು.

ಟ್ಯಾಗ್ ಅನ್ನುವ ಪ್ರವೇಶ ಖಾತರಿಯ ಬಗ್ಗೆ ಕೌನ್ಸೆಲರ್ ತಾವಾಗಿ ಹೇಳದಿದ್ದರೂ ಕೇಳಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಲ್ಲಿ ಒಂದನ್ನು ಆರಿಸಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗೆ ಈ ಖಾತರಿ ಇಲ್ಲ. ಅರ್ಜಿ ಹಾಕುವ ತಿಂಗಳು ಸೆಪ್ಟೆಂಬರ್. ಎಲ್ಲ ಮೇಜರ್‌ಗೂ ಸಿಗುವುದಿಲ್ಲ, ಆ ವರ್ಷದ ಪಟ್ಟಿ ನೋಡಿಕೊಳ್ಳಿ. ಕ್ಯಾಲ್ ಸ್ಟೇಟ್ (ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಬಳಗ) ಕಡೆ ಹೋಗುವವರು ವರ್ಗಾವಣೆಗೆಂದೇ ಇರುವ ಎಡಿಟಿ ಅನ್ನುವ ಎರಡು ವರ್ಷದ ಡಿಗ್ರಿ ಬಗ್ಗೆ ವಿಚಾರಿಸಬೇಕು.

ವೀಸಾ ವಿಷಯ ಕೌನ್ಸೆಲರ್‌ದಲ್ಲ, ಇಂಟರ್‌ನ್ಯಾಷನಲ್ ಆಫೀಸಿನದು. ಎಫ್-1 (ವಿದ್ಯಾರ್ಥಿ ವೀಸಾ) ಮಕ್ಕಳು ಟರ್ಮ್‌ಗೆ 12 ಯೂನಿಟ್‌ಗಿಂತ ಕಡಿಮೆ ಮಾಡುವ ಹಾಗಿಲ್ಲ. ಕಷ್ಟ ಅಂತ ಒಂದು ಕ್ಲಾಸ್ ಬಿಡುವ ಮುಂಚೆ ಆ ಕಚೇರಿಗೆ ಹೋಗಿ, ಬಿಟ್ಟ ಮೇಲೆ ಅಲ್ಲ. ಫೀಸಿನ ವ್ಯತ್ಯಾಸವೂ ದೊಡ್ಡದು. ರಾಜ್ಯದ ನಿವಾಸಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಎಫ್-1 ಮಕ್ಕಳಿಗೆ ಅದರ ಹಲವು ಪಟ್ಟು. ಎಚ್-4ನಲ್ಲಿ (ಎಚ್-1ಬಿ ಉದ್ಯೋಗಿಯ ಅವಲಂಬಿತರ ವೀಸಾ) ಬೆಳೆದ ಮಕ್ಕಳ ಮನೆಯವರು ರೆಸಿಡೆನ್ಸಿ ದಾಖಲೆಗಳನ್ನು ಹಿಡಿದು ಅಡ್ಮಿಷನ್ಸ್ ಕಚೇರಿಯಲ್ಲಿ ಕೇಳಲೇಬೇಕು.

ನಮ್ಮ ಹುಡುಗ ಎರಡನೇ ಕ್ವಾರ್ಟರ್‌ನಲ್ಲಿ ಮತ್ತೊಬ್ಬ ಕೌನ್ಸೆಲರ್ ಹತ್ತಿರ ಹೋದ. ಆಕೆ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, 'ಇದನ್ನು ಸೆಪ್ಟೆಂಬರ್‌ನಲ್ಲೇ ಯಾಕೆ ತರಲಿಲ್ಲ?' ಎಂದು ಕೇಳಿದರಂತೆ. ಅವನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಗಂಟೆಯಲ್ಲಿ ಪ್ಲಾನ್ ಸಿದ್ಧವಾಯಿತು. ಅವನು ಅದರ ಫೋಟೋ ಹೊಡೆದು ಅಮ್ಮನಿಗೆ ಕಳಿಸಿದ, ಅಕ್ಕ ಅದನ್ನೂ ಲ್ಯಾಮಿನೇಟ್ ಮಾಡಿಸುತ್ತೇನೆ ಅಂದಳು. ಬೇಡ ಅಂದೆ. ಪ್ರತಿ ಟರ್ಮ್‌ಗೂ ತಿದ್ದಬೇಕಾದ ಕಾಗದ ಅದು.