ಒಂದೇ ರಾಕೆಟ್, ನಾಲ್ಕು ಬಾಲ

ಫೆಬ್ರುವರಿಯ ಆ ಶನಿವಾರ, ರಾಕೆಟ್ಟಿನೊಳಗಿಟ್ಟು ಎತ್ತರ ಅಳೆಯುವ ಆಲ್ಟಿಮೀಟರಿನಲ್ಲಿ 1,018 ಅಡಿ ಬಂತು. ನಾನು ಬಾಯಿ ಬಿಡಲಿಲ್ಲ. ಸುಮ್ನೆ ಆ ಪುಟ್ಟ ಪರದೆಯನ್ನು ಅಜ್ಜನ ಮುಖದ ಮುಂದೆ ಹಿಡಿದೆ. ಅಜ್ಜ ಅಂದರೆ ನಮ್ಮ ಮಾದರಿ ರಾಕೆಟ್ ಕ್ಲಬ್ಬಿನ ಹಿರಿಯ ಅಮೆರಿಕನ್. ನಾನು ಹುಟ್ಟುವ ಮೊದಲಿನಿಂದ ರಾಕೆಟ್ ಬಿಡುತ್ತಿರುವವರು. ನಾನು ಮನಸ್ಸಿನಲ್ಲೇ ಅಜ್ಜ ಅಂತ ಕರೆಯುವುದು, ಅವರಿಗೆ ಗೊತ್ತಿಲ್ಲ. ಮೂರು ವರ್ಷದಿಂದ ಅವರದು ಒಂದೇ ರಾಗ: ಸಣ್ಣ ರಾಕೆಟ್ಟಿಗೆ ಫಿನ್, ಅಂದರೆ ಬಾಲದ ರೆಕ್ಕೆಯ, ಅಂಚು ಮರಳುಕಾಗದದಲ್ಲಿ ಉಜ್ಜುವುದು ಚಂದಕ್ಕೆ, ಎತ್ತರಕ್ಕಲ್ಲ. ಅವತ್ತು ಕನ್ನಡಕ ಏರಿಸಿಕೊಂಡು ನೋಡಿದರು. "ಇವತ್ತು ಗಾಳಿ ಇಲ್ಲ ಬಿಡು" ಅಂದು ತಮ್ಮ ಕುರ್ಚಿಗೆ ಹೋದರು.

ಗಾಳಿ ಇಲ್ಲದ್ದು ನಿಜ. ಆದರೆ ಅದೇ ಬೆಳಿಗ್ಗೆ, ಅದೇ ರಾಕೆಟ್, ಚೌಕ ಅಂಚಿನ ಫಿನ್ ಹಾಕಿಕೊಂಡು 820ರ ಆಸುಪಾಸಿನಲ್ಲೇ ನಿಂತಿತ್ತು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ರಾಕೆಟ್ ಬಿಡಲು ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿ, ದನ ಮೇಯುವ ಒಂದು ದೊಡ್ಡ ಹುಲ್ಲುಗಾವಲಿಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲೆಲ್ಲ ಒಣಗಿ ಬೆಂಕಿಯ ಭಯ, ಹಾಗಾಗಿ ಬಿಡುವಂತಿಲ್ಲ. ಮಳೆಗಾಲ ಶುರುವಾದ ಮೇಲೆ ತಿಂಗಳಿಗೊಂದು ಶನಿವಾರ ಸಿಕ್ಕಿದರೆ ಪುಣ್ಯ. ಇದನ್ನು ಯಾಕೆ ಹೇಳಿದೆ ಅಂದರೆ, ಒಂದು ತಪ್ಪು ಮಾಡಿದರೆ ತಿದ್ದಿಕೊಳ್ಳಲು ತಿಂಗಳು ಕಾಯಬೇಕು. ನಾನು ಮಾಡಿದ್ದು ಒಂದು ತಪ್ಪಲ್ಲ.

ಮೊದಲ ವರ್ಷ ಎರಡು ರಾಕೆಟ್ ಕಟ್ಟಿದೆ. ಎರಡೂ 24.8 ಮಿಲಿಮೀಟರ್ ಟ್ಯೂಬು, 18 ಮಿಲಿಮೀಟರ್ ಮೋಟಾರು, 3/32 ಇಂಚು ದಪ್ಪದ, ಬಾಲ್ಸಾ ಅನ್ನುವ ಹಗುರ ಮರದ ಫಿನ್ ಮೂರು ಮೂರು. ಒಂದಕ್ಕೆ ಅಂಗಡಿಯಿಂದ ಬಂದ ಹಾಗೇ ಚೌಕ ಅಂಚು. ಇನ್ನೊಂದಕ್ಕೆ ಮುಂದೆ ಗುಂಡಗೆ, ಹಿಂದೆ ತೆಳ್ಳಗೆ, ವಿಮಾನದ ರೆಕ್ಕೆಯ ಹಾಗೆ ಪೂರ್ತಿ ಏರ್‌ಫಾಯಿಲ್. ಅದಕ್ಕೆ ನಾಲ್ಕು ಕೋಟ್ ವುಡ್ ಫಿಲ್ಲರ್, ಎರಡು ಕೋಟ್ ಬಣ್ಣ. ಮದುಮಗನ ಹಾಗೆ ಹೊಳೆಯುತ್ತಿತ್ತು. ಎರಡಕ್ಕೂ ಬಿ6-4 ಅನ್ನುವ ಸಣ್ಣ ಮೋಟಾರು ಹಾಕಿ ಬಿಟ್ಟೆ. ಚೌಕದ್ದು 395 ಅಡಿ, ಮದುಮಗ 380. ಅಜ್ಜ ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ. ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಫಿಲ್ಲರು, ಬಣ್ಣ ಸೇರಿ ಐದು ಗ್ರಾಂ ಜಾಸ್ತಿ! ನಲವತ್ತು ಚಿಲ್ಲರೆ ಗ್ರಾಂ ರಾಕೆಟ್ಟಿಗೆ ಐದು ಗ್ರಾಂ ಅಂದರೆ ಸಣ್ಣದಲ್ಲ. ಮೇಲಾಗಿ ಅವತ್ತು ಗಾಳಿ ಇತ್ತು, ಮದುಮಗ ಹಾರಿಸುವ ರಾಡ್ ಬಿಡುತ್ತಲೇ ಗಾಳಿಗೆ ಮುಖ ಮಾಡಿ ವಾಲಿತ್ತು. ಒಂದೊಂದೇ ಹಾರಾಟದಲ್ಲಿ ತೀರ್ಪು ಕೊಡುವುದು ಎಂಥ ದಡ್ಡತನ ಅಂತ ಆಗ ಗೊತ್ತಾಯಿತು. ಆದರೂ ನಮ್ಮಲ್ಲಿ ಜಗಳ ಆಡುವವರು ಹೆಚ್ಚಿನವರು ಇಷ್ಟರ ಮೇಲೇ ಆಡುವುದು.

ಎರಡನೇ ವರ್ಷ ಉಪಾಯ ಹೊಳೆಯಿತು. ರಾಕೆಟ್ ಒಂದೇ ಇರಲಿ, ಬಾಲ ಬದಲಾಗಲಿ. ಮೂಗು, ಆಲ್ಟಿಮೀಟರಿನ ಕೋಣೆ, ಪ್ಯಾರಾಚೂಟು ಎಲ್ಲ ಒಂದೇ. ಕೆಳಗಿನ ಒಂದು ಗೇಣು ಟ್ಯೂಬು, ಮೋಟಾರು ಹಿಡಿಯುವ ಮೌಂಟು ಮತ್ತು ಮೂರು ಫಿನ್ ಮಾತ್ರ ಬೇರೆ ತುಂಡು, ಎರಡು ಟ್ಯೂಬು ಸೇರಿಸುವ ಒಳಕೊಳವೆ ಅಂದರೆ ಕಪ್ಲರ್ ಮೇಲೆ ಕೂರುತ್ತದೆ, ಒಂದು ಸುತ್ತು ಟೇಪು. ಮೂರು ಬಾಲ ಮಾಡಿದೆ: ಚೌಕದ್ದು, ಎರಡೂ ಅಂಚು ಗುಂಡಗಿನದ್ದು, ಏರ್‌ಫಾಯಿಲ್. ಮೂರನ್ನೂ ತೂಗಿ, ಹಗುರವಾದದ್ದಕ್ಕೆ ಒಳಗೆ ಜೇಡಿ ಮೆತ್ತಿ ಕಾಲು ಗ್ರಾಮಿನೊಳಗೆ ಸರಿಮಾಡಿದೆ. ಆಲ್ಟಿಮೀಟರ್ ಸೇರಿ 44 ಗ್ರಾಂ, ಮೋಟಾರು ಬಿಟ್ಟು.

ಇನ್ನು ಉಜ್ಜುವ ವಿಚಾರ. ನಮ್ಮಪ್ಪಯ್ಯ ಸಾಗರದ ಕಡೆ ಬಡಗಿ ಕೆಲಸ ಮಾಡಿದವರು. ಕೀಸುಳಿ ಹಿಡಿದು ಅಂಚನ್ನು ನೋಡುತ್ತಿರಲಿಲ್ಲ, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆಯುತ್ತಿದ್ದರು. ನಾನೂ ಹಾಗೇ. ಮೊದಲು ಅಂಚಿನ ಸುತ್ತ ನಡುಗೆರೆ ಎಳೆದುಕೊಳ್ಳುತ್ತೇನೆ, ಚೂಪು ಪೆನ್ಸಿಲ್ಲಿನಲ್ಲಿ. ಟ್ಯೂಬಿಗೆ ಅಂಟುವ ಬುಡದ ಅಂಚಿಗೆ ಮಾತ್ರ ಕೈ ಹಚ್ಚಬಾರದು. ಹೊಸಬರು ಮೊದಲು ಕೆಡಿಸುವುದೇ ಅದನ್ನು. ಹಿಂದಿನ ಅಂಚಿನಿಂದ ಫಿನ್ನಿನ ಅಗಲದ ಮೂರನೇ ಒಂದು ಭಾಗಕ್ಕೆ ಇನ್ನೊಂದು ಗೆರೆ. ಆ ಗೆರೆಯಿಂದ ಅಂಚಿನವರೆಗೆ ಇಳಿಜಾರು. ಫಿನ್ನನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, 180 ನಂಬರಿನ ಮರಳುಕಾಗದ ಸುತ್ತಿದ ಕಟ್ಟಿಗೆಯಿಂದ ಒಂದೇ ದಿಕ್ಕಿಗೆ ಹತ್ತು ಎಳೆತ. ತಿರುಗಿಸಿ ಆ ಕಡೆ ಹತ್ತು. ಎಣಿಸದೆ ಉಜ್ಜಿದರೆ ಒಂದು ಮಗ್ಗುಲು ಜಾಸ್ತಿ ಹೋಗುತ್ತದೆ. ನನ್ನ ಮೊದಲ ಸೆಟ್ಟು ಹಾಗೇ ಆಗಿ ರಾಕೆಟ್ಟು ಬುಗುರಿಯ ಹಾಗೆ ತಿರುಗುತ್ತಾ ಹೋಯಿತು. ನಡುಗೆರೆ ಕೂದಲೆಳೆಯಷ್ಟು ಉಳಿದಾಗ 220, ಆಮೇಲೆ 400.

ಹಿಂದಿನ ಅಂಚನ್ನು ಬ್ಲೇಡ್ ಮಾಡಲು ಹೋಗಬೇಡಿ. ನಾನು ಮಾಡಿದೆ, ಮೊದಲ ಇಳಿಯುವಿಕೆಯಲ್ಲೇ ಇಲಿ ಕಡಿದ ಹಾಗಾಯಿತು. ಈಗ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಬಿಟ್ಟು, ನೀರಿನಂಥ ಸೂಪರ್ ಗ್ಲೂ ಕುಡಿಸುತ್ತೇನೆ. ಕಿಟಕಿ ತೆಗೆದಿಟ್ಟುಕೊಳ್ಳಿ, ಆ ಹೊಗೆ ಕಣ್ಣಿಗೆ ಈರುಳ್ಳಿಗಿಂತ ಕೆಟ್ಟದ್ದು. ಮೂರು ಫಿನ್ನಿಗೂ ಆ ಅಂಚಿನ ದಪ್ಪ ಒಂದೇ ಬರುವ ಹಾಗೆ ಮಾಡಲು ನನ್ನದೊಂದು ಚಿಕ್ಕ ಕೈಚಳಕ ಇದೆ. ಅದಕ್ಕೆ ಬೇಕಾಗುವ ಸಾಮಾನು ಎಲ್ಲರ ಅಡುಗೆಮನೆಯಲ್ಲೂ ಇರುತ್ತದೆ. ಅಷ್ಟು ಮಾತ್ರ ಹೇಳುತ್ತೇನೆ.

ಈ ಸಲ ಬಿಗಿಂತ ಬಲವಾದ ಸಿ6-5 ಮೋಟಾರು ಹಾಕಿದೆ. ಬಿ ಮೋಟಾರಿನಲ್ಲಿ ವೇಗವೇ ಕಡಿಮೆ, ಗಾಳಿಯ ಎಳೆತ ಏರುವುದು ವೇಗದ ವರ್ಗದ ಹಾಗೆ. ಗುಂಡಗಿನದಕ್ಕೂ ಏರ್‌ಫಾಯಿಲಿಗೂ ಇರುವ ಸಣ್ಣ ವ್ಯತ್ಯಾಸ ಬಿ ಹಾಕಿದರೆ ಮೋಟಾರು ಮೋಟಾರಿನ ಹೆಚ್ಚುಕಡಿಮೆಯಲ್ಲೇ ಮುಳುಗಿ ಹೋಗುತ್ತದೆ. ಸಿ ಹಾಕಿದ ಮೇಲೆ ಚೌಕದ್ದು 815ರ ಹತ್ತಿರ, ಗುಂಡಗಿನದು 925, ಏರ್‌ಫಾಯಿಲ್ 930. ಮೊದಲನೆಯ ಜಿಗಿತ ನೋಡಿ ಕುಣಿದಾಡಿದೆ. ಎರಡನೆಯದು ನೋಡಿ ಪೆಚ್ಚಾದೆ. ಐದು ನಿಮಿಷದಲ್ಲಿ ಗುಂಡಗೆ ಮಾಡಿದ್ದಕ್ಕೂ ಎರಡು ಸಂಜೆ ಕೂತು ಏರ್‌ಫಾಯಿಲ್ ಮಾಡಿದ್ದಕ್ಕೂ ಬರೀ ಐದು ಅಡಿಯಾ? ಅಜ್ಜ ಆಗ ಮಾತು ಬದಲಿಸಿದರು: "ಗುಂಡಗೆ ಮಾಡುವುದು ಸರಿ, ಏರ್‌ಫಾಯಿಲ್ ಮಾತ್ರ ಚಂದಕ್ಕೆ."

ಓಪನ್‌ರಾಕೆಟ್ ಬೇರೆ ಹೇಳುತ್ತಿತ್ತು. 2009ರ ಹೊತ್ತಿಗೆ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಸ್ನಾತಕೋತ್ತರ ಪ್ರಬಂಧಕ್ಕೆ ಅಂತ ಬರೆದ ತಂತ್ರಾಂಶ ಅದು, ನಾವೆಲ್ಲ ಪುಕ್ಕಟೆ ಬಳಸುತ್ತೇವೆ. ಅದರಲ್ಲಿ ಫಿನ್ನಿನ ಅಡ್ಡಸೀಳು ಚೌಕ, ಗುಂಡು, ಏರ್‌ಫಾಯಿಲ್ ಅಂತ ಆರಿಸಿದರೆ ಮೂರಕ್ಕೂ ಮೂರು ಎತ್ತರ. ಲೆಕ್ಕದ ಪ್ರಕಾರ ಎರಡನೇ ಜಿಗಿತ ಇನ್ನೂ ದೊಡ್ಡದಿರಬೇಕಿತ್ತು. ಎಲ್ಲಿ ಹೋಯಿತು?

ಉತ್ತರ ಸಿಕ್ಕಿದ್ದು ಒಂದು ಅವಘಡದಲ್ಲಿ. ಏರ್‌ಫಾಯಿಲ್ ಬಾಲದ ನಾಲ್ಕನೇ ಹಾರಾಟ ಮುಗಿದು ಎತ್ತಿಕೊಂಡರೆ, ಮೇಲಿನ ಟ್ಯೂಬಿನ ಬಾಯಿಂದ ಎರಡು ಇಂಚು ಸೀಳು. ಮೂಗನ್ನೂ ಟ್ಯೂಬನ್ನೂ ಕಟ್ಟಿಟ್ಟ ದಾರ, ಶಾಕ್ ಕಾರ್ಡು, ಟ್ಯೂಬಿನ ಕಾಗದವನ್ನು ಸೀರೆಯಂಚು ಹರಿದ ಹಾಗೆ ಹರಿದಿತ್ತು. ಇಂಥ ಸೀಳು ಬರುವುದು ರಾಕೆಟ್ಟು ಇನ್ನೂ ಜೋರಾಗಿ ಓಡುತ್ತಿರುವಾಗ ಪ್ಯಾರಾಚೂಟು ಹೊರಬಂದರೆ, ಅಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಎದ್ದು ಲೆಕ್ಕ ಹಾಕಿದೆ. ಚೌಕದ ಬಾಲ ಮೋಟಾರು ಆರಿದ ಮೇಲೆ ಸುಮಾರು ಐದೂಕಾಲು ಸೆಕೆಂಡಿಗೆ ತುದಿ ಮುಟ್ಟುತ್ತದೆ. ಸಿ6-5ರ ಕೊನೆಯ 5 ಅಂದರೆ ಡಿಲೇ, ಮೋಟಾರು ಆರಿ ಪ್ಯಾರಾಚೂಟು ಹೊರಗೆ ದೂಡುವ ತನಕದ ಐದು ಸೆಕೆಂಡು. ಅದು ಚೌಕದ್ದಕ್ಕೆ ಅಳೆದು ಹೊಲಿಸಿದ ಹಾಗೆ. ಏರ್‌ಫಾಯಿಲಿಗೆ ಆರೂವರೆ ಸೆಕೆಂಡು ಬೇಕು. ಇನ್ನೂ ಒಂದೂವರೆ ಸೆಕೆಂಡಿನ ಏರು ಬಾಕಿ ಇರುವಾಗಲೇ ಪ್ಯಾರಾಚೂಟು ಬ್ರೇಕ್ ಹಾಕುತ್ತಿತ್ತು. ಅಂದರೆ ಚೆನ್ನಾಗಿ ಉಜ್ಜಿದಷ್ಟೂ ನನಗೆ ನಾನೇ ದಂಡ ಹಾಕಿಕೊಳ್ಳುತ್ತಿದ್ದೆ! ಈ ಚರ್ಚೆಯಲ್ಲಿ ಇಷ್ಟು ದಿನ ಒಬ್ಬರಾದರೂ ಡಿಲೇ ಮಾತೆತ್ತಿದ್ದು ನಾನು ಕೇಳಿಲ್ಲ. ನಾನೇ ಮೊದಲಿಗ ಅಂತ ಅಲ್ಲ, ಆದರೆ ನಮ್ಮ ಹುಲ್ಲುಗಾವಲಿನ ಮಟ್ಟಿಗೆ ನಾನೇ.

ಆಮೇಲೆ ಬೇಸಿಗೆ. ಐದು ತಿಂಗಳು ಕಾಯುವುದು. ಕೈ ಸುಮ್ಮನಿರುತ್ತದೆಯೇ? ಎಲೆ ಊದುವ ಯಂತ್ರ, ಅಡುಗೆಮನೆಯ ತಕ್ಕಡಿ, ಒಂದು ಕಡ್ಡಿಯ ಲೀವರು ಸೇರಿಸಿ ಗ್ಯಾರೇಜಿನಲ್ಲಿ ವಿಂಡ್ ಟನಲ್ ಕಟ್ಟಿದೆ. ತಕ್ಕಡಿ 30 ಗ್ರಾಮಿನಿಂದ 80ಕ್ಕೆ ಕುಣಿಯುತ್ತಿತ್ತು, ಫಿನ್ ತೆಗೆದಿಟ್ಟರೂ ಕುಣಿಯುತ್ತಿತ್ತು. ಪಕ್ಕದ ಮನೆಯವರು ಬಂದು ಭಾನುವಾರ ಬೆಳಿಗ್ಗೆ ಎಲೆ ಎಲ್ಲಿವೆ ಅಂತ ಕೇಳಿದ ಮೇಲೆ ಬಿಚ್ಚಿಟ್ಟೆ. ಇನ್ನೊಂದು ಹುಚ್ಚು: ರಾಕೆಟ್ಟು ಆಕಾಶದಲ್ಲಿ ಕಾಣಲಿ ಅಂತ ಪ್ಯಾರಾಚೂಟಿನ ಜೊತೆ ರಂಗೋಲಿ ಪುಡಿ ತುಂಬಿದ್ದು. ಅದು ಕಲ್ಲಿನ ಪುಡಿ, ಭಾರ, ಮೋಡದ ಹಾಗೆ ನಿಲ್ಲದೆ ಸೀದಾ ಕೆಳಗೆ ಸುರಿಯಿತು. ಆಲ್ಟಿಮೀಟರಿನ ಗಾಳಿ ತೂತಿಗೂ ಹೊಕ್ಕಿತು. ಬ್ರಷ್ಷಿನಲ್ಲಿ ತೆಗೆಯಲು ಒಂದು ಸಂಜೆ ಹೋಯಿತು.

ನಾಲ್ಕನೇ ಬಾಲ ಹುಟ್ಟಿದ್ದೂ ಆ ಬೇಸಿಗೆಯಲ್ಲೇ. ನನ್ನ ಜೊತೆ ಬರುವ ತುಮಕೂರಿನ ಗೆಳೆಯನದು ಬೇರೆಯದೇ ವಾದ. "ಗುರು, ಮುಂದಿನ ಅಂಚು ಚಾಕು ಥರ ಇರ್ಬೇಕು. ಗಾಳಿ ಕುಯ್ಕೊಂಡು ಹೋಗುತ್ತೆ. ಕ್ಷಿಪಣಿ ನೋಡಿಲ್ವಾ?" ಕ್ಷಿಪಣಿ ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ ಮಾರಾಯಾ, ನಮ್ಮದು ಸೆಕೆಂಡಿಗೆ ನೂರು ಮೀಟರ್ ಮುಟ್ಟಿದರೆ ಹಬ್ಬ ಅಂದೆ. ಕೇಳಲಿಲ್ಲ. ಸರಿ, ಚಾಕು ಬಾಲವೂ ಆಗಲಿ, ಖರ್ಚು ನಿನ್ನದು ಅಂದೆ. ಬಾಲ್ಸಾ ಕೊಟ್ಟ, ಮೋಟಾರು ಕೊಡಲಿಲ್ಲ.

ಮಳೆ ಬಂತು. ಈ ಸಲ ಎಲ್ಲ ಸಿ6-7. ಚೌಕದ್ದಕ್ಕೆ ಏಳು ಸೆಕೆಂಡು ಸ್ವಲ್ಪ ತಡ, ತುದಿ ದಾಟಿ ಮೂಗು ಕೆಳಗಾದ ಮೇಲೆ ಪ್ಯಾರಾಚೂಟು ಬರುತ್ತದೆ, ಆದರೆ ಅಷ್ಟೊತ್ತಿಗೆ ಎತ್ತರ ದಾಖಲಾಗಿರುತ್ತದೆ. ಮೋಟಾರಿನ ಮೈ ಮೇಲೆ ಅಚ್ಚಾಗಿರುವ ತಾರೀಖಿನ ಕೋಡು ನೋಡಿ, ಒಂದೇ ಕೋಡಿನವನ್ನು ಮೂರು ಅಂಗಡಿ ಸುತ್ತಿ ಕೂಡಿಹಾಕಿದೆ. ಒಂದು ಬಾಲ ಒಂದು ಹಾರಾಟ, ಮುಂದಿನದಕ್ಕೆ ಬೇರೆ ಬಾಲ, ಹೀಗೆ ಸರದಿ. ಮೂರು ಶನಿವಾರ ಸೇರಿ ಒಂದೊಂದು ಬಾಲಕ್ಕೆ ಆರು ಹಾರಾಟ. ಚಾಕುವಿಗೆ ಮಾತ್ರ ನಾಲ್ಕೇ, ಯಾಕೆಂದು ಹೇಳುತ್ತೇನೆ.

ನೆನಪಿನಿಂದ ಹೇಳುವುದಾದರೆ ಚೌಕದ್ದರ ಸರಾಸರಿ 820. ಗುಂಡಗಿನದು 950. ಏರ್‌ಫಾಯಿಲ್ 1,005 ಅಥವಾ 1,010. ಆರರಲ್ಲಿ ಐದು ಸಲ ಏರ್‌ಫಾಯಿಲ್ ಗುಂಡಗಿನದನ್ನು ಮೀರಿಸಿತು, ಒಂದು ಸಲ ಸೋತದ್ದು ಗಾಳಿಗೆ ವಾಲಿ. ಗುಂಡಗಿನದರ ಎದುರು ಚೌಕ ಒಂದು ಸಲವೂ ಗೆಲ್ಲಲಿಲ್ಲ. ಅಂದರೆ ದೊಡ್ಡ ಲಾಭ ಮುಂದಿನ ಅಂಚು ಗುಂಡಗಾದದ್ದರಿಂದಲೇ ಅಂತ ನನ್ನ ಲೆಕ್ಕ, ಐದು ನಿಮಿಷದ ಕೆಲಸ, ಇದನ್ನು ಬಿಟ್ಟವನು ಸೋಮಾರಿ. ಹಿಂದಿನ ಇಳಿಜಾರಿನಿಂದ ಐವತ್ತು ಅರವತ್ತು ಅಡಿ, ಎರಡು ಸಂಜೆಯ ಕೆಲಸ. ಅದು ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನನಗೆ ಬೇಕು.

ಚಾಕು ಬಾಲ? ಗಾಳಿ ಇಲ್ಲದಾಗ ಗುಂಡಗಿನದರ ಹತ್ತಿರ ಹತ್ತಿರ ಬಂತು. ಸ್ವಲ್ಪ ಗಾಳಿ ಎದ್ದಾಗ ಮೂವತ್ತು ನಲವತ್ತು ಅಡಿ ಕಡಿಮೆ. ರಾಕೆಟ್ಟು ಕೊಂಚ ಓರೆಯಾದರೂ ಚೂಪು ಅಂಚಿಗೆ ಗಾಳಿ ಅಂಟಿಕೊಳ್ಳುವುದಿಲ್ಲ, ಗುಂಡಗಿನದು ಸಹಿಸಿಕೊಳ್ಳುತ್ತದೆ. ನಾಲ್ಕನೇ ಹಾರಾಟದಲ್ಲಿ ಅದು ಬಂದು ಬಿದ್ದದ್ದು ಆಗಷ್ಟೇ ಹಾಕಿದ ಸಗಣಿಯ ಮೇಲೆ. ನೆಟ್ಟಗೆ, ಬಾಲ ಕೆಳಗಾಗಿ. ತೊಳೆಯುವಾಗ ನೆನೆದ ಬಾಲ್ಸಾ ಸೊಟ್ಟಗಾಯಿತು. ಗೆಳೆಯ "ಇದನ್ನ ಸೋಲು ಅಂತ ಲೆಕ್ಕ ಹಿಡಿಯೋ ಹಾಗಿಲ್ಲ" ಅನ್ನುತ್ತಾನೆ. ನಾನು ಹಿಡಿದಿದ್ದೇನೆ.

ದುಡ್ಡಿನ ಮಾತು. ಮೂರು ಮೋಟಾರಿನ ಪ್ಯಾಕು ಸುಮಾರು 18 ಡಾಲರ್, ಎಲ್ಲ ಸೇರಿ ಹನ್ನೆರಡು ಹದಿಮೂರು ಪ್ಯಾಕು ಸುಟ್ಟಿರಬೇಕು. ಆಲ್ಟಿಮೀಟರು 70, ಅದರಲ್ಲಿ ಒಂದು ರಾಕೆಟ್ ಸಮೇತ ಬೇಲಿಯಾಚೆಯ ಓಕ್ ಮರದ ಪಾಲಾಯಿತು, ಹಾಗಾಗಿ 140. ಬಾಲ್ಸಾ, ಅಂಟು, ಟ್ಯೂಬು, ಪೆಟ್ರೋಲು ಸೇರಿಸಿದರೆ 450 ದಾಟುತ್ತದೆ. ನನ್ನ ಹೆಂಡತಿ ಅದನ್ನು ರೂಪಾಯಿಗೆ ತಿರುಗಿಸಿ, 190 ಅಡಿಯಿಂದ ಭಾಗಿಸಿ, ಅಡಿಗೆ ಎಷ್ಟು ಬಿತ್ತು ಅಂತ ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿದ್ದಾಳೆ. ಆ ಸಂಖ್ಯೆ ಇಲ್ಲಿ ಬರೆಯುವುದಿಲ್ಲ. ಈ ಹವ್ಯಾಸಕ್ಕೆ 1954ರಲ್ಲಿ ಮೊದಲ ಮಾದರಿ ಮಾಡಿದ ಆರ್ವಿಲ್ ಕಾರ್ಲೈಲ್ ನೆಬ್ರಾಸ್ಕಾದಲ್ಲಿ ಶೂ ಅಂಗಡಿ ನಡೆಸುತ್ತಿದ್ದವರು, ಅವರ ಮನೆಯಲ್ಲೂ ಇಂಥ ಲೆಕ್ಕ ನಡೆದಿರಬಹುದು ಅಂದೆ. "ಅವರಿಗೆ ಅಂಗಡಿ ಇತ್ತು" ಅಂದಳು.

ಹೋದ ಶನಿವಾರ ಕೊನೆಯ ಲಾಂಚು, ಹುಲ್ಲು ಆಗಲೇ ಹಳದಿ ತಿರುಗಿತ್ತು. ಅಜ್ಜ ಏರ್‌ಫಾಯಿಲ್ ಬಾಲ ಕೇಳಿ ಇಸಕೊಂಡರು. ಬಿಸಿಲಿಗೆ ಹಿಡಿದು, ಕಣ್ಣು ಮುಚ್ಚಿ, ಮೂರು ಫಿನ್ನಿನ ಹಿಂದಿನ ಅಂಚಿಗೂ ಒಂದೊಂದು ಸಲ ಉಗುರು ಎಳೆದರು. ಅಪ್ಪಯ್ಯ ಎಳೆಯುತ್ತಿದ್ದ ಹಾಗೇ. "ಮೂರೂ ಒಂದೇ ದಪ್ಪ. ಹೇಗೆ ಮಾಡಿದೆ?" ಅಂತ ಕೇಳಿದರು.

ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ.